ಮನೆ ಕಂಪ್ಯೂಟರಿಗೆ ಉಚಿತ ಬ್ಯಾಕಪ್ ಸಾಫ್ಟ್‌ವೇರ್: ಬಾಗಲಕೋಟೆ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನವನಗರ, ಇಳಕಲ್ಲ, ಜಮಖಂಡಿ, ಗುಳೇದಗುಡ್ಡ, ಯಾವ ಊರಿನ ಮನೆಗೆ ಹೋದರೂ ಕಥೆ ಒಂದೇ. ಒಂದು ಹಳೆಯ ಲ್ಯಾಪ್‌ಟಾಪ್, ಇಲ್ಲವೇ ಅಂಗಡಿಯವರು ಜೋಡಿಸಿಕೊಟ್ಟ ಡೆಸ್ಕ್‌ಟಾಪ್. ಅದರೊಳಗೆ ಮದುವೆ ಫೋಟೋ, ಮಕ್ಕಳ ಪ್ರಾಜೆಕ್ಟ್, ಸೀರೆ ವ್ಯಾಪಾರದ ಲೆಕ್ಕ, ಮುಳುಗಡೆ ಪರಿಹಾರದ ಕಾಗದಗಳ ಸ್ಕ್ಯಾನ್. ಎಲ್ಲವೂ ಒಂದೇ ಡಿಸ್ಕಿನ ಮೇಲೆ. ದುಡ್ಡು ಕೊಡದೆ ಇವನ್ನೆಲ್ಲ ಉಳಿಸಿಕೊಳ್ಳುವುದು ಹೇಗೆ ಅಂತ ಕೇಳುವವರಿಗಾಗಿ ಈ ಪುಟ.

ಅಷ್ಟೆಲ್ಲ ಓದೋಕೆ ಪುರುಸೊತ್ತಿಲ್ಲ. ಸುಮ್ನೆ ಒಂದು ಹೆಸರು ಹೇಳಿ.

ಫ್ರೀಫೈಲ್‌ಸಿಂಕ್. ಜೊತೆಗೆ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್.

ಯಾಕೆ ಅಂದ್ರೆ ಅದು ನಿಮ್ಮ ಫೈಲ್‌ಗಳನ್ನು ಇದ್ದ ಹಾಗೆಯೇ ಇನ್ನೊಂದು ಡಿಸ್ಕಿಗೆ ನಕಲು ಮಾಡುತ್ತದೆ. ತನ್ನದೇ ಗೂಢ ಭಾಷೆಯಲ್ಲಿ ಕಟ್ಟಿಡುವುದಿಲ್ಲ. ನಾಳೆ ಆ ಸಾಫ್ಟ್‌ವೇರೇ ಇಲ್ಲವಾದರೂ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿದರೆ ಫೋಟೋ ಫೋಟೋ ಆಗಿಯೇ ತೆರೆಯುತ್ತದೆ. ಸಾಫ್ಟ್‌ವೇರ್ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ. ಒಳಗೆ ಹಾಕುವ ಕೆಲಸ ಎಲ್ಲ ಸಾಫ್ಟ್‌ವೇರ್‌ಗಳೂ ಚೆನ್ನಾಗಿಯೇ ಮಾಡುತ್ತವೆ. ಹೊರಗೆ ತೆಗೆಯುವ ದಿನ ಯಾವುದು ಕೈ ಕೊಡುವುದಿಲ್ಲ ಅನ್ನುವುದೇ ಪ್ರಶ್ನೆ.

ಒಂದು ಎಚ್ಚರಿಕೆ. ಹಾಕಿಕೊಂಡ ತಕ್ಷಣ ಅದು ಎರಡೂ ಕಡೆ ಸರಿದೂಗಿಸುವ 'ಟೂ ವೇ' ಕ್ರಮದಲ್ಲಿರುತ್ತದೆ. ಬ್ಯಾಕಪ್ಪಿಗೆ ಅದು ಬೇಡ. 'ಮಿರರ್' ಆರಿಸಿಕೊಳ್ಳಿ, ಅದು ಕಂಪ್ಯೂಟರಿನಲ್ಲಿ ಇರುವುದನ್ನು ಇದ್ದಂತೆ ಬ್ಯಾಕಪ್ ಡಿಸ್ಕಿಗೆ ಒಂದೇ ದಿಕ್ಕಿನಲ್ಲಿ ಕಳಿಸುತ್ತದೆ. ಅಳಿಸಿದ ಫೈಲ್‌ಗಳನ್ನು ಏನು ಮಾಡಬೇಕು ಅಂತ ಕೇಳುವ ಕಡೆ 'ವರ್ಷನಿಂಗ್' ಆರಿಸಿ, ಒಂದು ಬೇರೆ ಫೋಲ್ಡರ್ ತೋರಿಸಿ. ಹೀಗೆ ಮಾಡಿದರೆ ನೀವು ಕಂಪ್ಯೂಟರಿನಲ್ಲಿ ತಪ್ಪಿ ಅಳಿಸಿದ ಫೈಲ್ ಬ್ಯಾಕಪ್ ಡಿಸ್ಕಿನಿಂದ ಮಾಯವಾಗದೆ ಆ ಫೋಲ್ಡರಿಗೆ ಹೋಗಿ ಕೂರುತ್ತದೆ.

ಫೈಲ್ ಬ್ಯಾಕಪ್ ಬೇರೆ, ಇಮೇಜ್ ಬ್ಯಾಕಪ್ ಬೇರೆ ಅಂತಾರೆ. ನನಗೆ ಯಾವುದು ಬೇಕು?

ಫೈಲ್ ಬ್ಯಾಕಪ್ ಅಂದ್ರೆ ನಿಮ್ಮ ಫೋಟೋ, ದಾಖಲೆ, ವಿಡಿಯೋಗಳ ನಕಲು. ಇಮೇಜ್ ಅಂದ್ರೆ ವಿಂಡೋಸ್, ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ಪುಟ್ಟ ಪ್ರೋಗ್ರಾಂ), ಹಾಕಿಕೊಂಡ ಪ್ರೋಗ್ರಾಂಗಳು ಎಲ್ಲ ಸೇರಿದ ಇಡೀ ಡಿಸ್ಕಿನ ಪಡಿಯಚ್ಚು. ಡಿಸ್ಕ್ ಸತ್ತರೆ ಹೊಸದನ್ನು ಹಾಕಿ, ಇಮೇಜ್ ಇಳಿಸಿದರೆ ಕಂಪ್ಯೂಟರ್ ಮೊದಲಿನ ಹಾಗೆಯೇ ಎದ್ದು ನಿಲ್ಲುತ್ತದೆ.

ಮನೆ ಬಳಕೆಗೆ ಫೈಲ್ ಬ್ಯಾಕಪ್ ಇಲ್ಲದೆ ಆಗುವುದಿಲ್ಲ. ಇಮೇಜ್ ಇದ್ದರೆ ಒಳ್ಳೆಯದು, ಅಷ್ಟೇ. ವಿಂಡೋಸನ್ನು ಯಾರಾದರೂ ಮತ್ತೆ ಹಾಕಿಕೊಡುತ್ತಾರೆ, ಅಜ್ಜಿಯ ಫೋಟೋ ಯಾರೂ ಮತ್ತೆ ತೆಗೆದುಕೊಡುವುದಿಲ್ಲ. ಆದರೆ ಲೆಕ್ಕ ಬರೆಯುವ ಟ್ಯಾಲಿ, ಪ್ರಿಂಟರ್, ಸ್ಕ್ಯಾನರ್ ಅಂತ ಹತ್ತು ಸಾಮಾನು ಹೊಂದಿಸಿಕೊಂಡು ಮನೆಯಿಂದಲೇ ಕೆಲಸ ಮಾಡುವವರಾದರೆ ಇಮೇಜೂ ತೆಗೆದಿಡಿ. ಎರಡು ದಿನದ ತಲೆನೋವು ತಪ್ಪುತ್ತದೆ.

ವಿಂಡೋಸಿನಲ್ಲೇ ಬ್ಯಾಕಪ್ ಇದೆಯಲ್ಲ, ಅದು ಸಾಲದೇ?

ಕೆಲವರಿಗೆ ಸಾಕು. 'ಫೈಲ್ ಹಿಸ್ಟರಿ' ಅನ್ನುವುದು ವಿಂಡೋಸ್ 8ರಿಂದ ಇದೆ. ಡಿಸ್ಕ್ ಚುಚ್ಚಿದ್ದರೆ ಗಂಟೆಗೊಮ್ಮೆ ಬದಲಾದ ಫೈಲ್‌ಗಳನ್ನು ನಕಲು ಮಾಡುತ್ತದೆ, ಹಳೆಯ ಆವೃತ್ತಿಗಳನ್ನೂ ಇಟ್ಟುಕೊಳ್ಳುತ್ತದೆ. ವಿಂಡೋಸ್ 11ರಲ್ಲಿ ಅದನ್ನು ಕಂಟ್ರೋಲ್ ಪ್ಯಾನಲ್ಲಿನ ಮೂಲೆಗೆ ತಳ್ಳಿದ್ದಾರೆ, ಹುಡುಕಬೇಕು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಜಾಗಗಳನ್ನಷ್ಟೇ ಅದು ತಾನಾಗಿ ನೋಡುತ್ತದೆ. ನಮ್ಮಲ್ಲಿ ಬಹಳ ಜನ ಎಲ್ಲವನ್ನೂ ಡಿ ಡ್ರೈವಿನಲ್ಲಿ ಇಡುತ್ತಾರೆ. ಅದನ್ನು ಫೈಲ್ ಹಿಸ್ಟರಿ ಮುಟ್ಟುವುದೇ ಇಲ್ಲ, ನೀವೇ ವಿಂಡೋಸಿನ 'ಲೈಬ್ರರಿ' ಪಟ್ಟಿಗೆ ಸೇರಿಸದ ಹೊರತು.

'ವಿಂಡೋಸ್ ಬ್ಯಾಕಪ್' ಅಂತ ಹೊಸ ಆ್ಯಪ್ ಒಂದು ಬಂದಿದೆ. ಅದು ಒನ್‌ಡ್ರೈವಿಗೆ ಕಳಿಸುತ್ತದೆ. ಅಲ್ಲಿ ಉಚಿತ ಜಾಗ 5 ಜಿಬಿ. ಒಂದು ಸೀಮಂತದ ಫೋಟೋಗೂ ಸಾಲದು.

'ಬ್ಯಾಕಪ್ ಆ್ಯಂಡ್ ರಿಸ್ಟೋರ್ (ವಿಂಡೋಸ್ 7)' ಅನ್ನುವುದರಲ್ಲಿ ಇಮೇಜ್ ತೆಗೆಯುವ ಸೌಲಭ್ಯ ಈಗಲೂ ಕಾಣುತ್ತದೆ. ಆದರೆ ಮೈಕ್ರೋಸಾಫ್ಟ್ ಅದನ್ನು ಮುಂದುವರಿಸುವುದಿಲ್ಲ ಎಂದು 2017ರಲ್ಲೇ ಹೇಳಿಬಿಟ್ಟಿದೆ. ಹೊಸದಾಗಿ ಶುರು ಮಾಡುವವರು ಅದರ ಗೊಡವೆಗೆ ಹೋಗಬೇಡಿ.

ಉಚಿತ ಅಂದ್ರೆ ನಿಜವಾಗಿಯೂ ಉಚಿತವೇ?

ಮೂರು ತರಹದ ಉಚಿತ ಇದೆ.

ಮೊದಲನೆಯದು ಓಪನ್ ಸೋರ್ಸ್. ಕ್ಲೋನ್‌ಜಿಲ್ಲಾ, ರೆಸ್ಕ್ಯೂಜಿಲ್ಲಾ, ಡುಪ್ಲಿಕಾಟಿ, ಕೋಪಿಯಾ ಈ ಗುಂಪಿನವು. ಮೂಲ ಕೋಡ್ ಬಯಲಲ್ಲಿ ಇರುವುದರಿಂದ ಒಬ್ಬರು ಬಿಟ್ಟರೆ ಇನ್ನೊಬ್ಬರು ಮುಂದುವರಿಸಬಹುದು. ಫ್ರೀಫೈಲ್‌ಸಿಂಕ್ ಕೂಡ ಮನೆ ಬಳಕೆಗೆ ಉಚಿತ.

ಎರಡನೆಯದು ಕಂಪನಿಗಳ ಉಚಿತ ಆವೃತ್ತಿ. ವೀಮ್ ಏಜೆಂಟ್, ಹ್ಯಾಸ್ಲಿಯೋ ಬ್ಯಾಕಪ್ ಸೂಟ್, ಅಯೋಮೈ ಬ್ಯಾಕಪ್ಪರ್, ಈಸಸ್ ಟುಡು ಬ್ಯಾಕಪ್. ಕೆಲಸ ಚೆನ್ನಾಗಿಯೇ ಮಾಡುತ್ತವೆ. ಆದರೆ ಯಾವ ಸೌಲಭ್ಯ ಉಚಿತ, ಯಾವುದಕ್ಕೆ ಹಣ ಅನ್ನುವುದು ಕಂಪನಿಯ ಮರ್ಜಿ. ಕೆಲವುಗಳಲ್ಲಿ ಗುಂಡಿ ಎದುರಿಗೇ ಕಾಣುತ್ತದೆ, ಒತ್ತಿದಾಗ 'ಅಪ್‌ಗ್ರೇಡ್ ಮಾಡಿ' ಎಂಬ ಚೀಟಿ ಬರುತ್ತದೆ. ಮ್ಯಾಕ್ರಿಯಂ ರಿಫ್ಲೆಕ್ಟ್ ಫ್ರೀ ಎಷ್ಟೋ ವರ್ಷ ಎಲ್ಲರೂ ಹೊಗಳುತ್ತಿದ್ದ ಸಾಫ್ಟ್‌ವೇರ್. ಕಂಪನಿ ಆ ಉಚಿತ ಆವೃತ್ತಿಯನ್ನು ಕೈಬಿಟ್ಟಿತು, 2024ರ ಆರಂಭದಿಂದ ಅದಕ್ಕೆ ಭದ್ರತಾ ಅಪ್‌ಡೇಟ್ ಕೂಡ ಇಲ್ಲ. ಹಳೆಯ ವಿಡಿಯೋ ನೋಡಿ ಅದನ್ನೇ ಹುಡುಕಿಕೊಂಡು ಎಲ್ಲೆಲ್ಲಿಂದಲೋ ಡೌನ್‌ಲೋಡ್ ಮಾಡುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ.

ಮೂರನೆಯದು ಡಿಸ್ಕಿನ ಜೊತೆ ಬರುವ ಉಚಿತ. ಸೀಗೇಟ್, ವೆಸ್ಟರ್ನ್ ಡಿಜಿಟಲ್ ಕಂಪನಿಗಳು ಆಕ್ರೊನಿಸ್ ಮಾಡಿಕೊಟ್ಟ ಸಾಫ್ಟ್‌ವೇರನ್ನು ತಮ್ಮ ಡಿಸ್ಕ್ ಕೊಂಡವರಿಗೆ ಕೊಡುತ್ತವೆ. ಅವರ ಡಿಸ್ಕ್ ಚುಚ್ಚಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ.

ನಾಲ್ಕನೆಯದೂ ಒಂದಿದೆ, ಕ್ರ್ಯಾಕ್. ಅದನ್ನು ಉಚಿತ ಅನ್ನಬಾರದು. ಬ್ಯಾಕಪ್ ಸಾಫ್ಟ್‌ವೇರ್ ನಿಮ್ಮ ಎಲ್ಲ ಫೈಲ್‌ಗಳನ್ನೂ ಓದುವ ಅಧಿಕಾರ ಪಡೆದಿರುತ್ತದೆ. ಯಾರೋ ಒಡೆದು ಹಂಚಿದ ಪ್ರೋಗ್ರಾಂ ಕೈಗೆ ಆ ಅಧಿಕಾರ ಕೊಡುವುದೇ?

ಇಮೇಜಿಗೆ ಯಾವುದು? ಕ್ಲೋನ್‌ಜಿಲ್ಲಾ ಕಷ್ಟ ಅಂತಾರಲ್ಲ.

ಕಷ್ಟ ಅನ್ನುವುದಕ್ಕಿಂತ ಹೆದರಿಸುತ್ತದೆ ಅನ್ನಬಹುದು. ಕ್ಲೋನ್‌ಜಿಲ್ಲಾವನ್ನು ಪೆನ್ ಡ್ರೈವಿಗೆ ಬರೆದು, ಅದರಿಂದ ಕಂಪ್ಯೂಟರ್ ಬೂಟ್ (ಶುರು) ಮಾಡಬೇಕು. ಆಮೇಲೆ ನೀಲಿ ಪರದೆಯ ಮೇಲೆ ಬರೀ ಅಕ್ಷರ, ಮೌಸ್ ಇಲ್ಲ. ಯಾವ ಡಿಸ್ಕಿನಿಂದ ಯಾವ ಡಿಸ್ಕಿಗೆ ಅನ್ನುವುದನ್ನು ತಿರುಗುಮುರುಗು ಮಾಡಿದರೆ ಇದ್ದದ್ದೂ ಅಳಿಸಿಹೋಗುತ್ತದೆ. ಇನ್ನೊಂದು ಮಿತಿ: ಸಾಮಾನ್ಯವಾಗಿ ಹಳೆಯ ಡಿಸ್ಕಿನಷ್ಟೇ ಅಥವಾ ಅದಕ್ಕಿಂತ ದೊಡ್ಡ ಡಿಸ್ಕಿಗೇ ಇಳಿಸಬೇಕು. 1 ಟಿಬಿ ಹಾರ್ಡ್ ಡಿಸ್ಕ್ ತೆಗೆದು 256 ಜಿಬಿ ಎಸ್‌ಎಸ್‌ಡಿ (ಚಿಪ್ಪಿನಲ್ಲಿ ಮಾಹಿತಿ ಇಡುವ ವೇಗದ ಡಿಸ್ಕ್) ಹಾಕಿಸುವವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ.

ರೆಸ್ಕ್ಯೂಜಿಲ್ಲಾ ಅದೇ ಜಾತಿಯದು, ಆದರೆ ಮೌಸ್ ಹಿಡಿದು ಒಂದೊಂದೇ ಪುಟ ದಾಟಿದರೆ ಸಾಕು. ಕ್ಲೋನ್‌ಜಿಲ್ಲಾ ತೆಗೆದ ಇಮೇಜನ್ನೂ ಅದು ಓದುತ್ತದೆ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಇಮೇಜ್ ತೆಗೆಯುವವರಿಗೆ ನನ್ನ ಆಯ್ಕೆ ಇದೇ.

ವಿಂಡೋಸ್ ನಡೆಯುತ್ತಿರುವಾಗಲೇ, ವಾರಕ್ಕೊಮ್ಮೆ ತಾನಾಗಿಯೇ ಇಮೇಜ್ ಆಗಬೇಕು ಅನ್ನುವವರು ಹ್ಯಾಸ್ಲಿಯೋ ಅಥವಾ ವೀಮ್ ನೋಡಿ. ವೀಮ್ ಇಳಿಸಿಕೊಳ್ಳಲು ಇಮೇಲ್ ಕೊಟ್ಟು ನೋಂದಾಯಿಸಬೇಕು, ಉಚಿತ ಆವೃತ್ತಿಯಲ್ಲಿ ಒಂದೇ ಬ್ಯಾಕಪ್ ಕೆಲಸ ಹೊಂದಿಸಬಹುದು. ಯಾವುದನ್ನೇ ಹಾಕಿಕೊಂಡರೂ ಮೊದಲ ದಿನವೇ ಅದರ ರಿಕವರಿ ಪೆನ್ ಡ್ರೈವ್ ಮಾಡಿಡಿ. ಕಂಪ್ಯೂಟರ್ ಏಳದಿರುವ ದಿನ ಅದನ್ನು ಮಾಡಲು ಆಗುವುದಿಲ್ಲ ಅಲ್ವಾ?

ಗೂಗಲ್ ಡ್ರೈವಿಗೆ ಹಾಕಿದ್ದೇನೆ. ಬ್ಯಾಕಪ್ ಆಯ್ತಲ್ವಾ?

ಅರ್ಧ ಆಯ್ತು. ಇಂಥ ಸೇವೆಗಳು ಮಾಡುವುದು ಸಿಂಕ್. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಇಲ್ಲಿ ಫೈಲ್ ಕೆಟ್ಟರೆ ಕೆಟ್ಟದ್ದೇ ಅಲ್ಲಿಗೆ ಹೋಗುತ್ತದೆ. ಸ್ವಲ್ಪ ದಿನ ಕಸದಬುಟ್ಟಿಯಲ್ಲಿ ಸಿಗುತ್ತದೆ, ಆಮೇಲೆ ಇಲ್ಲ.

ಜಾಗದ ಲೆಕ್ಕವನ್ನೂ ನೋಡಿ. ಗೂಗಲ್ ಕೊಡುವ 15 ಜಿಬಿಯಲ್ಲಿ ಜಿಮೇಲ್, ಫೋಟೋಸ್, ಡ್ರೈವ್ ಮೂರೂ ಸೇರುತ್ತವೆ. 2021ರ ಜೂನ್ 1ರಿಂದ ಹೊಸ ಫೋಟೋಗಳೂ ಅದೇ ಲೆಕ್ಕಕ್ಕೆ ಬರುತ್ತವೆ. ಇನ್ನು ವೇಗ: ನಿಮ್ಮ ಅಪ್‌ಲೋಡ್ 10 ಎಂಬಿಪಿಎಸ್ ಆಗಿದ್ದರೆ 100 ಜಿಬಿ ಕಳಿಸಲು ಹೆಚ್ಚುಕಡಿಮೆ ಒಂದು ದಿನ ಬೇಕು. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ನಂಬಿಕೊಂಡಿದ್ದರೆ 50 ದಿನ! ತೀರಾ ಮುಖ್ಯವಾದ ಕಾಗದಗಳನ್ನಷ್ಟೇ ಅಲ್ಲಿ ಇಡಿ: ಉತಾರ, ಮಾರ್ಕ್ಸ್ ಕಾರ್ಡ್, ಹಕ್ಕುಪತ್ರದ ಸ್ಕ್ಯಾನ್. ಅವು ಎಲ್ಲ ಸೇರಿದರೂ 1 ಜಿಬಿ ದಾಟುವುದಿಲ್ಲ.

ಪೆನ್ ಡ್ರೈವ್ ಸಾಕಾಗಲ್ವಾ?

ಸಾಕಾಗಲ್ಲ. ಒಯ್ಯೋಕೆ ಇರುವ ವಸ್ತು ಅದು, ಇಡೋಕೆ ಅಲ್ಲ.

ಡಿಸ್ಕ್ ಎಷ್ಟು ದೊಡ್ಡದು ಬೇಕು? 1 ಟಿಬಿ ತಂದರೆ 931 ಅಂತ ತೋರಿಸುತ್ತೆ, ಮೋಸವೇ?

ಮೋಸ ಅಲ್ಲ. ಡಿಸ್ಕ್ ಕಂಪನಿಯವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ವಸ್ತು ಒಂದೇ, ಅಳತೆಗೋಲು ಬೇರೆ.

ಈಗ ಇರುವ ಫೈಲ್‌ಗಳ ಎರಡರಷ್ಟು ಜಾಗ ಇದ್ದರೆ ನೆಮ್ಮದಿ. ಯುಎಸ್‌ಬಿ 3 ಪೋರ್ಟಿಗೇ ಚುಚ್ಚಿ, ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದರ ಒಳಗಡೆ ನೀಲಿ ಬಣ್ಣ ಇರುತ್ತದೆ. 200 ಜಿಬಿ ನಕಲಿಗೆ ಹಳೆಯ ಯುಎಸ್‌ಬಿ 2ರಲ್ಲಿ ಸುಮಾರು ಎರಡು ಗಂಟೆ ಹಿಡಿದರೆ ಇದರಲ್ಲಿ ಅರ್ಧ ಗಂಟೆಯ ಆಸುಪಾಸು. ಮೊದಲ ಸಲ ಮಾತ್ರ ಇಷ್ಟು ಹೊತ್ತು, ಆಮೇಲೆ ಬದಲಾದದ್ದಷ್ಟೇ ಹೋಗುತ್ತದೆ. ಡಿಸ್ಕ್ ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಲಿ. ಫ್ಯಾಟ್ 32 ಆಗಿದ್ದರೆ 4 ಜಿಬಿ ಮೀರಿದ ಒಂದೇ ಫೈಲ್ ಹಿಡಿಸುವುದಿಲ್ಲ. ಮದುವೆ ವಿಡಿಯೋ ನಕಲಾಗದೆ 'ಫೈಲ್ ತೀರಾ ದೊಡ್ಡದು' ಅನ್ನುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಹಳೆಯ ನುಡಿ ಫೈಲ್‌ಗಳನ್ನು ವಾಪಸ್ ತಂದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತಿದೆ. ಬ್ಯಾಕಪ್ ಕೆಟ್ಟಿದೆಯೇ?

ಕೆಟ್ಟಿಲ್ಲ. ಫಾಂಟ್ ಬಂದಿಲ್ಲ, ಅಷ್ಟೇ.

ಯೂನಿಕೋಡ್ (ಎಲ್ಲ ಭಾಷೆಗಳಿಗೂ ಒಂದೇ ಅಕ್ಷರ ಸಂಕೇತ) ಬರುವ ಮೊದಲು 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಇರುತ್ತವೆ. ಅವಕ್ಕೆ ಕನ್ನಡದ ರೂಪ ಕೊಡುವುದು ಆ ಫಾಂಟ್. ಫಾಂಟ್ ಇರುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ. ನಿಮ್ಮ ಫೈಲ್ ಬ್ಯಾಕಪ್ ಆ ಕಡೆ ತಿರುಗಿಯೂ ನೋಡಿರುವುದಿಲ್ಲ. ಶಾಲೆಯ ಪ್ರಶ್ನೆಪತ್ರಿಕೆ, ಸಂಘದ ಠರಾವು, ಅಪ್ಪ ಬರೆದ ವಚನ ವ್ಯಾಖ್ಯಾನ ಇಂಥವು ಇರುವ ಮನೆಯವರು ಇದನ್ನು ಗಮನಿಸಲೇಬೇಕು.

ಮಾಡಬೇಕಾದದ್ದು ಇಷ್ಟು. ನೀವು ಬಳಸಿದ ನುಡಿ ಅಥವಾ ಬರಹದ ಸೆಟಪ್ ಫೈಲನ್ನೂ ಅದರ ಫಾಂಟ್‌ಗಳನ್ನೂ ಬ್ಯಾಕಪ್ ಡಿಸ್ಕಿನಲ್ಲೇ ಒಂದು ಫೋಲ್ಡರಿನಲ್ಲಿ ಹಾಕಿಡಿ. ತುಂಬಾ ಬೇಕಾದ ಕಡತಗಳನ್ನು ಫಾಂಟ್ ಸಮೇತ ಪಿಡಿಎಫ್ ಮಾಡಿಡಿ. ಪುರುಸೊತ್ತು ಸಿಕ್ಕಾಗ ಯೂನಿಕೋಡಿಗೆ ಬದಲಾಯಿಸಿ, ಪರಿವರ್ತನೆಯ ಸೌಲಭ್ಯ ಎರಡರಲ್ಲೂ ಇದೆ. ಬದಲಾಯಿಸಿದ ಮೇಲೆ ಹಳೆಯದನ್ನು ಅಳಿಸಬೇಡಿ, ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿರುತ್ತವೆ.

ಫೋಲ್ಡರಿಗೆ ಕನ್ನಡದಲ್ಲೇ ಹೆಸರಿಡುವವರು ಹೊಸ ಸಾಫ್ಟ್‌ವೇರ್ ನಂಬುವ ಮೊದಲು 'ಅವ್ವನ ಫೋಟೋಗಳು' ಅಂತ ಒಂದು ಫೋಲ್ಡರ್ ಮಾಡಿ, ಬ್ಯಾಕಪ್ ಹಾಕಿ, ವಾಪಸ್ ತಂದು ನೋಡಿ. ಹಳೆಯ ಕಾಲದ ಜಿಪ್ ಪ್ರೋಗ್ರಾಂಗಳು ಕನ್ನಡ ಹೆಸರನ್ನು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮಾಡಿಬಿಡುತ್ತವೆ.

ಮನೆಯಲ್ಲೇ ಟ್ಯಾಲಿ ಇದೆ. ಅದೂ ಇದರಲ್ಲೇ ಬರುತ್ತದೆಯೇ?

ತಾನಾಗಿ ಬರುವುದಿಲ್ಲ. ಟ್ಯಾಲಿಯ ಡೇಟಾ ಸಾಮಾನ್ಯವಾಗಿ ಡಾಕ್ಯುಮೆಂಟ್ಸಿನಲ್ಲಿ ಇರುವುದಿಲ್ಲ. ಕಂಪನಿ ತೆರೆಯುವ ಪರದೆಯಲ್ಲಿ ಡೇಟಾ ಯಾವ ದಾರಿಯಲ್ಲಿದೆ ಅಂತ ತೋರಿಸುತ್ತದೆ, ಆ ಫೋಲ್ಡರನ್ನು ನೀವೇ ಸೇರಿಸಬೇಕು. ನಕಲು ಮಾಡುವ ಮುಂಚೆ ಟ್ಯಾಲಿ ಮುಚ್ಚಿ. ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿದರೆ ಅದರದೇ ಬ್ಯಾಕಪ್ ಆಯ್ಕೆ ಸಿಗುತ್ತದೆ, ಅದನ್ನೂ ಬಳಸಿ. ಅಂದಹಾಗೆ, ಉಚಿತ ಸಾಫ್ಟ್‌ವೇರ್‌ಗಳಲ್ಲಿ ಕೆಲವು 'ಮನೆ ಬಳಕೆಗೆ ಮಾತ್ರ' ಅನ್ನುತ್ತವೆ. ಜಿಎಸ್‌ಟಿ ಲೆಕ್ಕ ಬರೆಯುವ ಕಂಪ್ಯೂಟರ್ ಮನೆ ಬಳಕೆಯೋ ವ್ಯಾಪಾರವೋ ಅನ್ನುವುದನ್ನು ಷರತ್ತು ಓದಿ ನೋಡಿಕೊಳ್ಳಿ.

ಒಂದು ಡಿಸ್ಕ್ ಸಾಕೇ? ಎಲ್ಲಿಡಬೇಕು?

ಪೀಟರ್ ಕ್ರೋಗ್ ಅನ್ನುವ ಅಮೆರಿಕದ ಫೋಟೋಗ್ರಾಫರ್ ಹೆಸರುವಾಸಿ ಮಾಡಿದ 3-2-1 ಲೆಕ್ಕ ಇದೆ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ. ಮೊದಲೆರಡನ್ನು ಜನ ಒಪ್ಪುತ್ತಾರೆ. ಮೂರನೆಯದಕ್ಕೆ 'ಅಷ್ಟೆಲ್ಲಾ ಯಾಕ್ರಿ' ಅನ್ನುತ್ತಾರೆ.

ನಮ್ಮ ಜಿಲ್ಲೆಯವರು ಹಾಗೆ ಅನ್ನಬಾರದು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದವು. ಹೊಳೆಸಾಲಿನ ಊರುಗಳಲ್ಲಿ ನೀರು ಮನೆಯೊಳಗೇ ಬಂತು, ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೂ ನಿಂತಿತ್ತು. ಅಂಥ ಹೊತ್ತಿನಲ್ಲಿ ಕಂಪ್ಯೂಟರ್ ಮತ್ತು ಬ್ಯಾಕಪ್ ಡಿಸ್ಕ್ ಒಂದೇ ಮೇಜಿನ ಮೇಲಿದ್ದರೆ ಎರಡೂ ಒಟ್ಟಿಗೇ ಹೋಗುತ್ತವೆ. ಕಳ್ಳತನವಾದರೂ ಅಷ್ಟೇ, ಬೆಂಕಿ ಬಿದ್ದರೂ ಅಷ್ಟೇ.

ಎರಡನೇ ಡಿಸ್ಕ್ ಅಕ್ಕನ ಮನೆಯಲ್ಲಿ ಇರಲಿ, ಮಗಳ ಊರಿನಲ್ಲಿ ಇರಲಿ. ಹಬ್ಬಕ್ಕೋ ಜಾತ್ರೆಗೋ ಹೋದಾಗ ಅದನ್ನು ತಂದು ಇದನ್ನು ಕೊಟ್ಟು ಬನ್ನಿ. ಮಹಡಿ ಮನೆ ಆದರೆ ಒಳ್ಳೆಯದು. ಬೇಸಿಗೆಯಲ್ಲಿ ಡಿಸ್ಕನ್ನು ಕಾರಿನೊಳಗೆ ಬಿಡಬೇಡಿ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಮುಚ್ಚಿದ ಕಾರು ಒಲೆಯ ಹಾಗೆ ಕಾಯುತ್ತದೆ. ಎಸ್‌ಎಸ್‌ಡಿಯನ್ನು ವರ್ಷಗಟ್ಟಲೆ ಕರೆಂಟ್ ಕೊಡದೆ ಕಪಾಟಿನಲ್ಲಿ ಇಡುವುದೂ ಬೇಡ, ಅದರೊಳಗಿನ ಮಾಹಿತಿ ನಿಧಾನಕ್ಕೆ ಕ್ಷೀಣಿಸಬಹುದು. ಹಾಗೆ ಎತ್ತಿಡಲು ಹಳೆಯ ಮಾದರಿಯ ಹಾರ್ಡ್ ಡಿಸ್ಕೇ ಮೇಲು.

ಬ್ಯಾಕಪ್ ಡಿಸ್ಕ್ ಯಾವಾಗಲೂ ಚುಚ್ಚಿಯೇ ಇಟ್ಟರೆ ಅನುಕೂಲ ಅಲ್ವಾ?

ಅನುಕೂಲ ನಿಮಗೂ ಹೌದು, ರ‍್ಯಾನ್ಸಮ್‌ವೇರಿಗೂ ಹೌದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಜಗತ್ತಿನ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ಹಣ ಕೇಳಿದ್ದು ನೆನಪಿರಬಹುದು. ಇಂಥವು ಚುಚ್ಚಿಕೊಂಡಿರುವ ಡಿಸ್ಕನ್ನೂ ಬಿಡುವುದಿಲ್ಲ. ಬ್ಯಾಕಪ್ ಮುಗಿದ ಮೇಲೆ ಕಿತ್ತಿಡಿ. ಫ್ರೀಫೈಲ್‌ಸಿಂಕ್ ಒಮ್ಮೆಗೇ ಬಹಳ ಫೈಲ್ ಬದಲಾಗಿರುವುದು ಕಂಡರೆ ಮುಂದುವರಿಯುವ ಮೊದಲು ಎಚ್ಚರಿಸುತ್ತದೆ. ಆ ಸಂದೇಶಕ್ಕೆ ಕಣ್ಣು ಮುಚ್ಚಿ 'ಓಕೆ' ಒತ್ತಬೇಡಿ.

ನಡುವೆ ಕರೆಂಟ್ ಹೋದರೆ?

ಫೈಲ್ ನಕಲು ಆಗಿದ್ದರೆ ಮತ್ತೆ ಓಡಿಸಿ, ಉಳಿದದ್ದು ಹೋಗುತ್ತದೆ. ಇಮೇಜ್ ಆಗಿದ್ದರೆ ಅರ್ಧವಾದದ್ದನ್ನು ಅಳಿಸಿ ಮೊದಲಿನಿಂದ ಮಾಡಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನವರು ಮಳೆಗಾಳಿ ಏಳುವ ಸಂಜೆ ಇಮೇಜ್ ಕೆಲಸಕ್ಕೆ ಕೂರಬೇಡಿ.

ಬಿಟ್‌ಲಾಕರ್ ಕೀ ಕೇಳುತ್ತಿದೆ, ನಾನು ಹಾಕಿಯೇ ಇಲ್ಲ!

ಬಿಟ್‌ಲಾಕರ್ ಅಂದ್ರೆ ಡಿಸ್ಕಿಗೆ ಹಾಕುವ ವಿಂಡೋಸಿನ ಬೀಗ. ನೀವು ಹಾಕಿಲ್ಲ, ವಿಂಡೋಸ್ ಹಾಕಿದೆ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುತ್ತದೆ. ಕೀ 48 ಅಂಕಿಯದು, ಆ ಖಾತೆಯಲ್ಲಿ ಇರುತ್ತದೆ. ಖಾತೆ ಯಾರ ಇಮೇಲಿನಲ್ಲಿದೆ? ಎಷ್ಟೋ ಮನೆಗಳಲ್ಲಿ ಅಂಗಡಿಯ ಹುಡುಗ ಮಾಡಿಕೊಟ್ಟ ಇಮೇಲ್, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಇವತ್ತೇ ಖಾತೆ ತೆರೆದು ಆ ಅಂಕಿಗಳನ್ನು ಕಾಗದದ ಮೇಲೆ ಬರೆದಿಡಿ. ಅದಿಲ್ಲದಿದ್ದರೆ ಕೆಟ್ಟ ಕಂಪ್ಯೂಟರಿನ ಡಿಸ್ಕ್ ಬಿಚ್ಚಿ ಬೇರೆಯದಕ್ಕೆ ಹಾಕಿದರೂ ಏನೂ ಸಿಗುವುದಿಲ್ಲ.

ಬ್ಯಾಕಪ್ಪಿಗೇ ಪಾಸ್‌ವರ್ಡ್ ಹಾಕಬೇಕೆಂದರೆ?

ಡುಪ್ಲಿಕಾಟಿ, ಕೋಪಿಯಾ ಎರಡೂ ಎನ್‌ಕ್ರಿಪ್ಟ್ ಮಾಡಿ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡಿ) ಕಳಿಸಬಲ್ಲವು, ಕ್ಲೌಡಿಗೂ ಕಳಿಸುತ್ತವೆ. ಪಾಸ್‌ವರ್ಡ್ ಮರೆತರೆ ಮಾತ್ರ ಯಾರಿಂದಲೂ ತೆಗೆಯಲಾಗದು. ಫೈಲ್‌ಗಳು ತುಂಡುಗಳಾಗಿ ಇರುವುದರಿಂದ ವಾಪಸ್ ತರಲು ಅದೇ ಸಾಫ್ಟ್‌ವೇರ್ ಬೇಕು. ಹಾಗಾಗಿ ಮನೆಮಂದಿಯೆಲ್ಲ ನೋಡುವ ಫೋಟೋಗಳಿಗೆ ನಾನು ಇದನ್ನು ಹೇಳುವುದಿಲ್ಲ.

ಮ್ಯಾಕ್, ಲಿನಕ್ಸ್ ಇದ್ದವರು?

ಮ್ಯಾಕಿನಲ್ಲಿ 2007ರಿಂದ ಟೈಮ್ ಮಷಿನ್ ಇದೆ, ಬೇರೇನೂ ಹುಡುಕಬೇಡಿ. ಉಬುಂಟುವಿಗೆ ದೇಜಾ ಡೂಪ್ ಇದೆ. ಲಿನಕ್ಸ್ ಮಿಂಟಿನ ಟೈಮ್‌ಶಿಫ್ಟ್ ಸಿಸ್ಟಮ್ಮನ್ನಷ್ಟೇ ಕಾಯುತ್ತದೆ, ಹೇಳದ ಹೊರತು ನಿಮ್ಮ ಫೋಟೋಗಳನ್ನು ಅಲ್ಲ.

ವಿಂಡೋಸ್ 10ರಲ್ಲೇ ಇದ್ದೇನೆ. ಮೊದಲು ಅಪ್‌ಗ್ರೇಡೋ, ಬ್ಯಾಕಪ್ಪೋ?

ಬ್ಯಾಕಪ್. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ ಬದಲಾಯಿಸುವುದೇನೋ ಸರಿ. ಆದರೆ ಇಮೇಜ್ ಒಂದನ್ನು ತೆಗೆದಿಟ್ಟುಕೊಂಡೇ ಕೈ ಹಾಕಿ.

ಬ್ಯಾಕಪ್ ಸರಿಯಾಗಿದೆ ಅಂತ ಗೊತ್ತಾಗುವುದು ಹೇಗೆ?

ವಾಪಸ್ ತಂದು ನೋಡಿದಾಗ. ಹಸಿರು ಟಿಕ್ ನೋಡಿದಾಗ ಅಲ್ಲ.

ಮೂರು ತಿಂಗಳಿಗೊಮ್ಮೆ ಹೀಗೆ ಮಾಡಿ. ಡಿಸ್ಕನ್ನು ಬೇರೆ ಯಾರದಾದರೂ ಕಂಪ್ಯೂಟರಿಗೆ ಚುಚ್ಚಿ. ಹಳೆಯ ಒಂದು ಫೋಟೋ, ಹೋದ ವಾರದ ಒಂದು ಕಡತ, ಒಂದು ದೊಡ್ಡ ವಿಡಿಯೋ ತೆರೆಯಿರಿ. ವಿಡಿಯೋವನ್ನು ನಡುವೆ, ಕೊನೆಗೆ ಓಡಿಸಿ ನೋಡಿ. ಇಮೇಜ್ ಆದರೆ ರಿಕವರಿ ಪೆನ್ ಡ್ರೈವಿನಿಂದ ಬೂಟ್ ಮಾಡಿ, ಅದಕ್ಕೆ ನಿಮ್ಮ ಡಿಸ್ಕೂ ಅದರೊಳಗಿನ ಇಮೇಜೂ ಕಾಣುತ್ತವೆಯೇ ಅಂತ ನೋಡಿ. ಇಳಿಸುವುದು ಬೇಡ, ಕಂಡರೆ ಸಾಕು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರಿಕವರಿ ಪೆನ್ ಡ್ರೈವಿಗೆ ಒಳಗಿನ ಎಸ್‌ಎಸ್‌ಡಿಯೇ ಕಾಣುವುದಿಲ್ಲ, ಡ್ರೈವರ್ ಬೇಕಾಗುತ್ತದೆ. ಅದು ಗೊತ್ತಾಗಬೇಕಾದದ್ದು ಈಗ.

ಈ ಪರೀಕ್ಷೆಯಲ್ಲಿ ಎರಡು ಸಲ ತಡವರಿಸಿದ ಸಾಫ್ಟ್‌ವೇರ್ ಎಷ್ಟೇ ಚೆಂದ ಇರಲಿ, ತೆಗೆದುಹಾಕಿ.

ರಿಪೇರಿಗೆ ಕೊಡುವಾಗ ಅಂಗಡಿಯವರೇ ಬ್ಯಾಕಪ್ ತೆಗೀತಾರೆ ಅಲ್ವಾ?

ಕೇಳಿದರೆ ತೆಗೆಯುತ್ತಾರೆ. ಕೇಳದಿದ್ದರೆ ಎಷ್ಟೋ ಕಡೆ ಸೀದಾ ಫಾರ್ಮ್ಯಾಟ್. 'ಸಿ ಡ್ರೈವ್ ಮಾತ್ರ ಹೊಡೀತೀವ್ರಿ, ಡಿ ಹಂಗೇ ಇರ್ತದ' ಅನ್ನುವ ಮಾತು ಕೇಳಿಸುತ್ತದೆ. ನಿಮ್ಮ ಡೆಸ್ಕ್‌ಟಾಪ್ ಮೇಲೆ ಕಾಣುವ ಫೈಲ್‌ಗಳು ಇರುವುದು ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ. ಕಂಪ್ಯೂಟರ್ ಇನ್ನೂ ಆನ್ ಆಗುತ್ತಿದ್ದರೆ ಕೊಡುವ ಮೊದಲು ನೀವೇ ಒಂದು ಪ್ರತಿ ತೆಗೆದುಕೊಳ್ಳಿ, ಬ್ಯಾಕಪ್ ಡಿಸ್ಕನ್ನು ಮಾತ್ರ ಅದರ ಜೊತೆ ಅಂಗಡಿಗೆ ಕಳಿಸಬೇಡಿ. ಆನ್ ಆಗುತ್ತಿಲ್ಲ ಅಂದ್ರೆ ಯಾವ ಯಾವ ಫೋಲ್ಡರ್ ಬೇಕು ಅಂತ ಚೀಟಿಯಲ್ಲಿ ಬರೆದು, ಅದನ್ನು ಕಂಪ್ಯೂಟರಿಗೇ ಅಂಟಿಸಿ ಕೊಡಿ.